ಫರಸಿ ಕಲ್ಲು ಮುರಿಯುವ ಯಂತ್ರ ಮಾಡಿದ್ದು, ಅದರ ಅಂಕಿ ನಂಬುವ ಹಾಗೆ ಮಾಡಿದ್ದು

ಶಹಾಬಾದದಲ್ಲಿ ನನ್ನ ಗೆಳೆಯನದೊಂದು ಕಲ್ಲು ಪಾಲಿಶ್ ಮಾಡುವ ಸಣ್ಣ ಕಾರ್ಖಾನೆ ಇದೆ. ಎರಡು ವರ್ಷದ ಹಿಂದೆ ಅವನ ಗಿರಾಕಿಯೊಬ್ಬರ ಮನೆಯಲ್ಲಿ ಮೆಟ್ಟಿಲಿನ ಫರಸಿ, ಅಂದರೆ ಹಾಸುಗಲ್ಲು, ಮುರಿಯಿತು. ಗ್ಯಾಸ್ ಸಿಲಿಂಡರ್ ಹೊತ್ತವನು ಕಾಲಿಟ್ಟ, ಕಲ್ಲು ಎರಡು ತುಂಡಾಯಿತು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ಗೆಳೆಯ ಅವತ್ತು ಸಂಜೆಯೇ ಕಲಬುರಗಿಗೆ ಬಂದ. "ಇನ್ನ ಮ್ಯಾಲ ಒಂದೂಕಾಲ್ ಇಂಚ್ ಕೊಡ್ಲ್ಯಾ, ಒಂದೂವರಿ ಇಂಚ್ ಕೊಡ್ಲ್ಯಾ? ನೀ ಮಷೀನ್ ರಿಪೇರಿ ಮಾಡಾಂವ, ಅಳದು ಹೇಳ್ ನೋಡಮ್" ಅಂದ.

ನನ್ನ ಕೆಲಸ ಎಲೆಕ್ಟ್ರಾನಿಕ್ ತಕ್ಕಡಿ ರಿಪೇರಿ. ತೊಗರಿ ಸೀಸನ್‌ನಲ್ಲಿ ಅಡತಿ ಅಂಗಡಿಗಳ ತಕ್ಕಡಿ ನೋಡೋದರಲ್ಲೇ ದಿನ ಹೋಗುತ್ತದೆ. ಭಾರ ಬಿದ್ದರೆ ಅದಕ್ಕೆ ತಕ್ಕಷ್ಟು ಸಣ್ಣ ವೋಲ್ಟೇಜ್ ಕೊಡುವ ಲೋಡ್ ಸೆಲ್ ನನಗೆ ಹೊಸದಲ್ಲ. ಹಾಗಾಗಿ ಒಂದು ವಾರದ ಕೆಲಸ ಅಂದುಕೊಂಡೆ. ಯಂತ್ರ ಒಂದು ವಾರದಲ್ಲೇ ತಯಾರಾಯಿತು, ಅಂಕಿಯನ್ನೂ ಕೊಡೋಕೆ ಶುರು ಮಾಡಿತು. ಆ ಅಂಕಿ ನಂಬಬಹುದಾ ಅಂತ ಗೊತ್ತಾಗೋಕೆ ಮಾತ್ರ ನಾಲ್ಕು ತಿಂಗಳು ಹಿಡಿಯಿತು. ಈ ಬರಹದಲ್ಲಿ ಜಾಸ್ತಿ ಇರೋದು ಆ ನಾಲ್ಕು ತಿಂಗಳ ಕಥೆಯೇ. ನೀವು ಕಲ್ಲು ಮುರಿಯದೆ ಬೇರೇನೋ ಅಳೆಯುವವರಾದರೂ ದಾರಿ ಹೆಚ್ಚುಕಡಿಮೆ ಇದೇ.

ಮೊದಲು ಪ್ರಶ್ನೆ, ಆಮೇಲೆ ಕಬ್ಬಿಣ

ಬಹಳ ಜನ ಮೊದಲು ಪಾರ್ಟ್ಸ್ ತರಿಸಿಬಿಡುತ್ತಾರೆ. ನಾನೂ ಅದನ್ನೇ ಮಾಡಿದ್ದೆ. ಬೇಡ. ಮೊದಲು ಒಂದು ಹಾಳೆ ತಗೊಂಡು, ಅಳೆಯಬೇಕಾದ್ದು ಏನು ಅಂತ ಒಂದೇ ವಾಕ್ಯದಲ್ಲಿ ಬರೆಯಿರಿ. "ಕಲ್ಲು ಎಷ್ಟು ಗಟ್ಟಿ" ಅನ್ನೋದು ನಡೆಯಲ್ಲ. ನಾನು ಕಡೆಗೆ ಬರೆದದ್ದು ಹೀಗೆ: 75 ಮಿ.ಮೀ. ಅಗಲ, ಸುಮಾರು 30 ಮಿ.ಮೀ. ದಪ್ಪದ ಒಣ ಫರಸಿ ತುಂಡನ್ನು 300 ಮಿ.ಮೀ. ದೂರದಲ್ಲಿರುವ ಎರಡು ಸರಳುಗಳ ಮೇಲೆ ಪದರಗಳು ನೆಲಕ್ಕೆ ಸಮಾನಾಂತರ ಬರುವಂತೆ ಮಲಗಿಸಿ, ಪಾಲಿಶ್ ಮಾಡಿದ ಮುಖ ಮೇಲೆ ಇಟ್ಟು, ಸರಿಯಾಗಿ ನಡುವೆ ನಿಧಾನವಾಗಿ ಒತ್ತಿದರೆ ಎಷ್ಟು ಬಲಕ್ಕೆ ಮುರಿಯುತ್ತದೆ.

ಇಷ್ಟುದ್ದ ಯಾಕೆ ಅಂದರೆ ಅದರಲ್ಲಿರುವ ಒಂದೊಂದು ಮಾತೂ ಉತ್ತರವನ್ನು ಬದಲಿಸುತ್ತದೆ. ಶಹಾಬಾದ ಕಲ್ಲು ಪದರ ಪದರವಾಗಿ ಕೂತ ಸುಣ್ಣದಕಲ್ಲು. ಹಾಗೆ ಸೀಳುತ್ತದೆ ಅಂತಲೇ ಅದು ಫರಸಿಯಾಗೋದು. ಪದರದ ಮೇಲೆ ಒತ್ತಿದರೆ ಒಂದು ಉತ್ತರ, ತುಂಡನ್ನು ಅಂಚಿನ ಮೇಲೆ ನಿಲ್ಲಿಸಿ ಒತ್ತಿದರೆ ಇನ್ನೊಂದು. ನೀರಲ್ಲಿ ನೆನೆದ ಕಲ್ಲು ಸಾಮಾನ್ಯವಾಗಿ ಬೇಗ ಮುರಿಯುತ್ತದೆ. ಬಾಗುವಾಗ ಹಿಗ್ಗುವುದು ಕೆಳಗಿನ ಮುಖ, ಬಿರುಕು ಶುರುವಾಗುವುದು ಅಲ್ಲೇ, ಹಾಗಾಗಿ ಯಾವ ಮುಖ ಕೆಳಗಿದೆ ಅನ್ನೋದೂ ಮುಖ್ಯ. ಕಟ್ಟಡದ ಕಲ್ಲಿನ ಈ ಪರೀಕ್ಷೆಗೆ ಭಾರತೀಯ ಮಾನಕ ಐಎಸ್ 1121ರ ಎರಡನೇ ಭಾಗ ಇದೆ. ಅದನ್ನು ಓದಿಕೊಳ್ಳಿ. ನಿಮ್ಮ ತುಂಡಿನ ಅಳತೆ ಅದರಲ್ಲಿ ಹೇಳಿದ್ದಕ್ಕಿಂತ ಬೇರೆ ಆದರೆ ನಿಮ್ಮ ಅಂಕಿಯನ್ನು ಇನ್ನೊಬ್ಬರ ಸರ್ಟಿಫಿಕೇಟಿನ ಅಂಕಿಯ ಪಕ್ಕ ಇಟ್ಟು ಹೋಲಿಸೋಕೆ ಹೋಗಬೇಡಿ.

ಆಮೇಲೆ ಎರಡನೇ ವಾಕ್ಯ: ಎಷ್ಟು ತಪ್ಪಿದರೆ ನಡೆಯುತ್ತದೆ? ಇದನ್ನು ತೀರ್ಮಾನಿಸೋದು ಯಂತ್ರದವನಲ್ಲ, ಪ್ರಶ್ನೆ ಕೇಳಿದವನು. ಒಂದೂಕಾಲು ಇಂಚಿನ ಕಲ್ಲಿಗೂ ಒಂದೂವರೆ ಇಂಚಿನದಕ್ಕೂ ಭಾರ ತಡೆಯುವ ಶಕ್ತಿ ದಪ್ಪದ ವರ್ಗದಂತೆ ಬದಲಾಗುತ್ತದೆ, ಅಂದರೆ ಬಾಕಿ ಎಲ್ಲ ಒಂದೇ ಇದ್ದರೆ 1.44 ಪಟ್ಟು. 44% ವ್ಯತ್ಯಾಸ ಹಿಡಿಯೋಕೆ ಶೇಕಡಾ ಅರ್ಧದ ಯಂತ್ರ ಯಾಕೆ ಬೇಕು? 5% ಒಳಗಿದ್ದರೆ ಸಾಕು ಅಂತ ಇಬ್ಬರೂ ಒಪ್ಪಿದೆವು. ಈ 5% ಅನ್ನೋದನ್ನು ಗೋಡೆ ಮೇಲೆ ಬರೆದಿಟ್ಟುಕೊಳ್ಳಿ. ಮುಂದೆ ಯಾವ ಪಾರ್ಟ್ಸ್ ತಗೋಬೇಕು, ಯಾವ ಗಲಾಟೆ ಬಿಡಬೇಕು ಅನ್ನೋದೆಲ್ಲ ಅದರಿಂದಲೇ ಬರುತ್ತದೆ.

ದುಡ್ಡು ಹಾಕುವ ಮೊದಲು ತಪ್ಪಿನ ಲೆಕ್ಕ

ಮೂರು ಕಡೆ ಒತ್ತುವ ಈ ಪರೀಕ್ಷೆಗೆ ಸೂತ್ರ ಸರಳ. ಮುರಿಯುವಾಗಿನ ಒತ್ತಡ = (3 × ಬಲ × ಸರಳುಗಳ ಅಂತರ) ÷ (2 × ಅಗಲ × ದಪ್ಪ × ದಪ್ಪ). ಬಲ ನ್ಯೂಟನ್‌ನಲ್ಲಿ, ಉದ್ದಗಳು ಮಿ.ಮೀ.ನಲ್ಲಿ ಹಾಕಿದರೆ ಉತ್ತರ ಮೆಗಾಪ್ಯಾಸ್ಕಲ್‌ನಲ್ಲಿ, ಅಂದರೆ ಒಂದು ಚದರ ಮಿ.ಮೀ.ಗೆ ಎಷ್ಟು ನ್ಯೂಟನ್ ಅಂತ ಬರುತ್ತದೆ.

ದಪ್ಪ ಎರಡು ಸಲ ಬಂದಿದೆ ನೋಡಿ. ಯಂತ್ರ ಕಟ್ಟೋಕೆ ಮುಂಚೆ ನಾನು ಅದನ್ನು ಲಕ್ಷ್ಯಕ್ಕೆ ತಗೊಳ್ಳಲಿಲ್ಲ. ನಾಲ್ಕು ಅಳತೆಯಲ್ಲಿ ಒಂದೊಂದೂ ಎಷ್ಟು ತಪ್ಪಬಹುದು ಅಂತ ಪ್ರಾಮಾಣಿಕವಾಗಿ ಬರೆಯಿರಿ. ಬಲದಲ್ಲಿ 1% ಅನ್ನಿ. ಅಂತರ 300ಕ್ಕೆ 1 ಮಿ.ಮೀ., ಅಂದರೆ 0.33%. ಅಗಲ 75ಕ್ಕೆ ಅರ್ಧ ಮಿ.ಮೀ., 0.67%. ದಪ್ಪ 30ಕ್ಕೆ ಅರ್ಧ ಮಿ.ಮೀ., 1.67%, ಆದರೆ ವರ್ಗ ಇರೋದರಿಂದ ಅದು ಎರಡು ಪಟ್ಟಾಗಿ 3.33%. ಇವನ್ನು ಸುಮ್ನೆ ಕೂಡಿಸಬಾರದು. ಒಂದಕ್ಕೊಂದು ಸಂಬಂಧ ಇಲ್ಲದ ತಪ್ಪುಗಳಾದ್ದರಿಂದ ಒಂದೊಂದರ ವರ್ಗ ಮಾಡಿ, ಕೂಡಿಸಿ, ವರ್ಗಮೂಲ ತೆಗೆಯಬೇಕು. ಬರೋದು ಸುಮಾರು 3.6%.

ಈಗ ಲೋಡ್ ಸೆಲ್‌ಗೆ ಎಷ್ಟು ಬೇಕಾದರೂ ದುಡ್ಡು ಸುರಿದು ಬಲದ ತಪ್ಪನ್ನು ಸೊನ್ನೆ ಮಾಡಿದಿರಿ ಅಂತ ಇಟ್ಟುಕೊಳ್ಳಿ. ಒಟ್ಟು 3.4%. ಏನೂ ಆಗಲಿಲ್ಲ, ಅಲ್ವಾ? ಅದರ ಬದಲು ದಪ್ಪವನ್ನು 0.2 ಮಿ.ಮೀ.ವರೆಗೆ ಅಳೆದರೆ ಒಟ್ಟು 1.8%ಗೆ ಇಳಿಯುತ್ತದೆ. ಅದಕ್ಕೆ ಬೇಕಾದದ್ದು ಒಂದು ವರ್ನಿಯರ್, ಸ್ವಲ್ಪ ತಾಳ್ಮೆ. ಫರಸಿಯ ಕೆಳಮುಖ ಒರಟು, ಒಂದೇ ತುಂಡಿನಲ್ಲಿ ಮಿಲಿಮೀಟರ್‌ಗಟ್ಟಲೆ ಏರಿಳಿತ ಇರುತ್ತದೆ. ಆದ್ದರಿಂದ ದಪ್ಪವನ್ನು ಮುರಿಯುವ ಮೊದಲು ಅಂಚಿನಲ್ಲಿ ಅಳೆಯೋದಲ್ಲ, ಮುರಿದ ಮೇಲೆ, ಮುರಿದ ಗೆರೆಯ ಉದ್ದಕ್ಕೂ ಐದು ಕಡೆ ಅಳೆದು ಸರಾಸರಿ ತಗೊಳ್ಳಿ. ಕಲ್ಲು ಮುರಿದದ್ದು ಅಲ್ಲಿ ತಾನೇ.

ಕಟ್ಟುವುದು

ನಮ್ಮ ತುಂಡು 20 ಮೆಗಾಪ್ಯಾಸ್ಕಲ್‌ವರೆಗೂ ತಡೆದೀತು ಅಂತ ಲೆಕ್ಕ ಹಾಕಿದರೆ ಬೇಕಾಗುವ ಬಲ 3000 ನ್ಯೂಟನ್, ಅಂದರೆ 306 ಕೆ.ಜಿ. ಭಾರ. ಅದಕ್ಕೆ 500 ಕೆ.ಜಿ.ಯ ಎಸ್ ಟೈಪ್ (ಇಂಗ್ಲಿಷ್ S ಆಕಾರದ) ಲೋಡ್ ಸೆಲ್ ಸರಿಹೋಯಿತು. ಸಾವಿರ ಕೆ.ಜಿ.ಯದು ತಗೊಂಡರೆ ಸಿಗ್ನಲ್ ಅರ್ಧಕ್ಕೆ ಇಳಿಯುತ್ತದೆ, 300ರದ್ದು ತಗೊಂಡರೆ ಒಂದು ಗಟ್ಟಿ ಕಲ್ಲಿಗೆ ಸೆಲ್ ಕೈಕೊಡಬಹುದು.

ಚೌಕಟ್ಟನ್ನು ದಪ್ಪ ಸಿ ಚಾನಲ್‌ನಲ್ಲಿ ವೆಲ್ಡಿಂಗ್ ಕಾಕಾ ಮಾಡಿಕೊಟ್ಟರು. ಕೆಳಗೆ 25 ಮಿ.ಮೀ.ನ ಎರಡು ಬ್ರೈಟ್ ಸರಳು, ಮೇಲೆ ನಡುವೆ ಅಂಥದ್ದೇ ಒಂದು. ಇಲ್ಲಿ ಒಂದು ಮಾತು. ಮೂರೂ ಸರಳುಗಳನ್ನು ಬಿಗಿಯಾಗಿ ವೆಲ್ಡ್ ಮಾಡಿಸಬೇಡಿ. ಫರಸಿ ಯಾವತ್ತೂ ಪೂರಾ ಸಮ ಇರಲ್ಲ, ಸ್ವಲ್ಪ ತಿರುಚಿಕೊಂಡೇ ಇರುತ್ತದೆ. ಸರಳು ಅದಕ್ಕೆ ತಕ್ಕಂತೆ ವಾಲದಿದ್ದರೆ ಕಲ್ಲು ಒಂದು ಮೂಲೆಯಲ್ಲಿ ಮಾತ್ರ ಭಾರ ಹೊತ್ತು ತಿರುಚಿ ಮುರಿಯುತ್ತದೆ, ಬಲ ಕಡಿಮೆ ತೋರಿಸುತ್ತದೆ, ನೀವು ಕಲ್ಲೇ ಕಚ್ಚಾ ಅಂದುಕೊಳ್ಳುತ್ತೀರಿ. ಕೆಳಗಿನ ಒಂದು ಸರಳು ಗಟ್ಟಿಯಾಗಿರಲಿ. ಇನ್ನೊಂದು ಕೆಳಗಿನದೂ, ಮೇಲಿನದೂ ಎಡಬಲಕ್ಕೆ ವಾಲುವಂತಿರಲಿ. ನಾವು ಮೇಲಿನ ಸರಳನ್ನು ಒಂದು ಹಳೆಯ ಬೇರಿಂಗ್ ಗುಂಡಿನ ಮೇಲೆ ಕೂರಿಸಿದೆವು. ಸರಳಿಗೂ ಕಲ್ಲಿಗೂ ನಡುವೆ ತೆಳ್ಳನೆ ರಬ್ಬರ್ ಪಟ್ಟಿ.

ಒತ್ತೋಕೆ ಮೊದಲು ಲಾರಿಯವರ ಬಾಟಲ್ ಜಾಕ್ ಹಾಕಿದ್ದೆ. ಒಂದೊಂದು ಸಲ ಹಿಡಿ ಒತ್ತಿದಾಗಲೂ ಭಾರ ಧಡಕ್ಕನೆ ಏರುತ್ತಿತ್ತು. ಅದನ್ನು ತೆಗೆದು ಸ್ಕ್ರೂ ಜಾಕ್ ಹಾಕಿದ ಮೇಲೆ ಏರಿಕೆ ನಯವಾಯಿತು. ಲೋಡ್ ಸೆಲ್ ಇರಬೇಕಾದ್ದು ಜಾಕಿಗೂ ಮೇಲಿನ ಸರಳಿಗೂ ನಡುವೆ. ಹಾಗಿಟ್ಟರೆ ಜಾಕ್ ಒಳಗಿನ ತಿಕ್ಕಾಟದ ಚಿಂತೆ ಇರಲ್ಲ, ಕಲ್ಲಿಗೆ ಮುಟ್ಟಿದ ಬಲವೇ ಸೆಲ್‌ಗೂ ಕಾಣುತ್ತದೆ.

ಕಲ್ಲು ಮುರಿಯುವಾಗ ಚೂರು ಹಾರುತ್ತದೆ, ಎರಡು ತುಂಡೂ ಕೆಳಗೆ ಬೀಳುತ್ತವೆ. ಕಣ್ಣಿಗೆ ಕನ್ನಡಕ, ಕಾಲಿಗೆ ಬೂಟು, ಕೆಳಗೆ ಮರಳು ತುಂಬಿದ ಟ್ರೇ. ಚಪ್ಪಲಿಯಲ್ಲಿ ಬಂದವರನ್ನು ಹತ್ತಿರ ಬಿಡಬೇಡಿ, ಮಾಲೀಕನಾದರೂ ಸರಿ.

ಎಲೆಕ್ಟ್ರಾನಿಕ್ಸ್

ನಮ್ಮ ಸೆಲ್ ಒಂದು ವೋಲ್ಟಿಗೆ 2 ಮಿಲಿವೋಲ್ಟ್ ಕೊಡುವಂಥದ್ದು. 5 ವೋಲ್ಟ್ ಕೊಟ್ಟರೆ 500 ಕೆ.ಜಿ.ಗೆ 10 ಮಿಲಿವೋಲ್ಟ್, ಅಂದರೆ ಒಂದು ಕೆ.ಜಿ.ಗೆ 20 ಮೈಕ್ರೋವೋಲ್ಟ್. ಈ 20ನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಇದನ್ನು ಓದೋಕೆ ಎಚ್‌ಎಕ್ಸ್ 711 ಅನ್ನುವ 24 ಬಿಟ್ ಚಿಪ್ ಇರುವ ಅಗ್ಗದ ಬೋರ್ಡು, ಅದಕ್ಕೊಂದು ಆರ್ಡುಯಿನೊ, ಅಂದರೆ ನಾವು ಬರೆದ ಪ್ರೋಗ್ರಾಮ್ ಓಡಿಸುವ ಸಣ್ಣ ಬೋರ್ಡು. ಸೆಲ್‌ಗೆ ಕೊಡುವ ವೋಲ್ಟನ್ನೇ ಚಿಪ್ ತನ್ನ ಅಳತೆಗೋಲಾಗಿಯೂ ಬಳಸುವುದರಿಂದ ಸಪ್ಲೈ ಸ್ವಲ್ಪ ಏರಿಳಿದರೂ ಅಂಕಿ ಹೆಚ್ಚು ಅಲುಗಾಡಲ್ಲ. ನಮ್ಮ ಕಡೆಯ ಕರೆಂಟಿಗೆ ಇದು ದೊಡ್ಡ ಉಪಕಾರ.

ಆದರೆ ಎರಡು ಬಲೆ ಇವೆ. ಮೊದಲನೆಯದು ವೇಗ. ಈ ಬೋರ್ಡುಗಳು ಸಾಮಾನ್ಯವಾಗಿ ಸೆಕೆಂಡಿಗೆ 10 ಸಲ ಓದುವಂತೆ ಕಟ್ಟಿ ಬರುತ್ತವೆ, ಆಗ ಒಂದು ಬದಲಾವಣೆ ಪೂರಾ ಕಾಣಿಸೋಕೆ 400 ಮಿಲಿಸೆಕೆಂಡ್ ಬೇಕು. ತಕ್ಕಡಿಗೆ ಸಾಕು. ಕಲ್ಲು ಅಷ್ಟು ಹೊತ್ತು ಕಾಯಲ್ಲ. ಚಿಪ್‌ನ 15ನೇ ಕಾಲನ್ನು ಮೆಲ್ಲಗೆ ಎತ್ತಿ 16ನೇ ಕಾಲಿಗೆ ಸೇರಿಸಿ ಬೆಸುಗೆ ಹಾಕಿದರೆ ಸೆಕೆಂಡಿಗೆ 80 ಓದು, 50 ಮಿಲಿಸೆಕೆಂಡ್. ಅಂಕಿ ಸ್ವಲ್ಪ ಜಾಸ್ತಿ ನಡುಗುತ್ತದೆ, ನಡುಗಲಿ. ಇಷ್ಟಾದ ಮೇಲೂ ಭಾರ ನಿಧಾನವಾಗಿಯೇ ಏರಬೇಕು.

ಎರಡನೆಯದು ನನ್ನನ್ನು ಮೂರು ದಿನ ಕಾಡಿತು. ಪ್ರೋಗ್ರಾಮ್ ಅತಿ ಹೆಚ್ಚು ಅಂಕಿಯನ್ನು ಹಿಡಿದಿಟ್ಟುಕೊಳ್ಳುತ್ತಿತ್ತು. ಒಂದು ತುಂಡು 412 ಕೆ.ಜಿ.ಗೆ ಮುರಿಯಿತು ಅಂತ ತೋರಿಸಿತು. ಅದೇ ಫರಸಿಯ ಪಕ್ಕದ ತುಂಡು 190ಕ್ಕೆ. ಗೆಳೆಯ ಖುಷಿಯಾಗಿ 412ರ ಫೋಟೋ ತೆಗೆದುಕೊಂಡ. ಎಲ್ಲ ಓದುಗಳನ್ನೂ ಸಾಲಾಗಿ ಬರೆದಿಟ್ಟು ನೋಡಿದರೆ 180, 181, 412, 181. ನಡುವೆ ಒಂದೇ ಒಂದು ಸುಳ್ಳು. ಆ ಚಿಪ್‌ನ ಕ್ಲಾಕ್ ಕಾಲು 60 ಮೈಕ್ರೋಸೆಕೆಂಡಿಗಿಂತ ಜಾಸ್ತಿ ಹೊತ್ತು ಮೇಲೆಯೇ ಇದ್ದರೆ ಚಿಪ್ ಮಲಗಿಬಿಡುತ್ತದೆ. ಓದುವ ನಡುವೆ ಆರ್ಡುಯಿನೊ ಬೇರೆ ಕೆಲಸಕ್ಕೆ ತಿರುಗಿದಾಗ ಹೀಗಾಗುತ್ತಿತ್ತು. ಓದುವಷ್ಟು ಹೊತ್ತು ಇಂಟರಪ್ಟ್ (ನಡುವೆ ಬೇರೆ ಕೆಲಸಕ್ಕೆ ಕರೆಯುವ ಸೂಚನೆ) ಬಂದ್ ಮಾಡಿದೆ, ಸರಿಹೋಯಿತು. ಅವತ್ತಿನಿಂದ ಒಂದು ನಿಯಮ: ಗರಿಷ್ಠ ಅಂಕಿ ಮಾತ್ರ ಇಟ್ಟುಕೊಳ್ಳೋದಿಲ್ಲ, ಕಚ್ಚಾ ಓದು ಎಲ್ಲವನ್ನೂ ಇಟ್ಟುಕೊಳ್ಳೋದು. ಜೊತೆಗೆ ಒಂದು ಖಾಲಿ ಪರೀಕ್ಷೆ ಮಾಡಿ. ಕಲ್ಲೇ ಇಡದೆ ಎರಡು ನಿಮಿಷ ಯಂತ್ರ ಓಡಿಸಿ, ಗರಿಷ್ಠ ಎಷ್ಟು ಬಂತು ನೋಡಿ. ಅದು ನಿಮ್ಮ ಯಂತ್ರ ಸುಮ್ನೆ ಕೂತಾಗ ಹೇಳುವ ಸುಳ್ಳು.

400 ಕೆ.ಜಿ. ಬಟ್ಟು ಎಲ್ಲಿಂದ ತರೋದು

ಗೊತ್ತಿರುವ ಭಾರ ಇಟ್ಟು ಯಂತ್ರದ ಅಂಕಿಯನ್ನು ಅದಕ್ಕೆ ಹೊಂದಿಸೋದೇ ಕ್ಯಾಲಿಬ್ರೇಷನ್. ಅದಕ್ಕೆ ಅತಿ ಸುಲಭದ ದಾರಿ, ಲ್ಯಾಬುಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ ಎನ್‌ಎಬಿಎಲ್ ಒಪ್ಪಿದ ಲ್ಯಾಬಿಗೆ ಸೆಲ್ ಕಳಿಸೋದು. ದುಡ್ಡಿದ್ದರೆ ಅದನ್ನೇ ಮಾಡಿ, ಆ ಲ್ಯಾಬಿನ ಅಳತೆ ಮೆಟ್ಟಿಲು ಮೆಟ್ಟಿಲಾಗಿ ರಾಷ್ಟ್ರೀಯ ಮಾನಕಗಳಿಗೆ ತಗುಲಿಕೊಂಡಿರುತ್ತದೆ. ನಮಗೆ ಅಷ್ಟು ಪುರುಸೊತ್ತಿರಲಿಲ್ಲ, 5% ಸಾಕಿತ್ತು. ನನ್ನ ಹತ್ತಿರ ಇದ್ದದ್ದು ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರುವ 20 ಕೆ.ಜಿ.ಯ ಐದು ಬಟ್ಟು, ಅಂದರೆ ತಕ್ಕಡಿಗೆ ಇಡುವ ತೂಕ. ಒಟ್ಟು 100 ಕೆ.ಜಿ.

ನೂರು ಕೆ.ಜಿ.ಯಿಂದ ನಾನೂರಕ್ಕೆ ಹೋಗೋಕೆ ದೊಡ್ಡ ತಕ್ಕಡಿಗಳವರು ಬಳಸುವ ಬದಲಿ ವಿಧಾನ ಇದೆ. ಬಟ್ಟು 100 ಕೆ.ಜಿ. ಇಟ್ಟು ಓದು ಬರೆದುಕೊಳ್ಳಿ. ಬಟ್ಟು ತೆಗೆಯಿರಿ. ಅದರ ಜಾಗದಲ್ಲಿ ಮರಳಿನ ಚೀಲ ಇಟ್ಟು, ಬೊಗಸೆ ಬೊಗಸೆಯಾಗಿ ಮರಳು ಹಾಕುತ್ತಾ ಸರಿಯಾಗಿ ಅದೇ ಓದು ಬರುವ ಹಾಗೆ ಮಾಡಿ. ಈಗ ಆ ಚೀಲ ಕೂಡ 100 ಕೆ.ಜಿ. ಅದರ ಮೇಲೆ ಬಟ್ಟು ಇಡಿ, 200. ಮತ್ತೆ ಬಟ್ಟಿನ ಬದಲು ಚೀಲ, ಮತ್ತೆ ಬಟ್ಟು. ಹೀಗೆ 400. ಸಿಮೆಂಟ್ ಚೀಲದ ಮೇಲೆ 50 ಅಂತ ಬರೆದಿದೆ ಅಂತ ಅದನ್ನೇ ಲೆಕ್ಕಕ್ಕೆ ಹಿಡಿಯಬೇಡಿ. ಈ ವಿಧಾನದಲ್ಲಿ ಚೀಲದ ತೂಕ ಗೊತ್ತಿರಬೇಕಾಗಿಲ್ಲ, ಬಟ್ಟಿಗೆ ಸಮ ಆದರೆ ಸಾಕು.

ಎಸ್ ಟೈಪ್ ಸೆಲ್‌ಗೆ ಭಾರ ನೇತು ಹಾಕೋದು ಸುಲಭ. ಆದರೆ ಎಳೆದಾಗ ಕೊಡುವ ಅಂಕಿಗೂ ಒತ್ತಿದಾಗ ಕೊಡುವ ಅಂಕಿಗೂ ಅಷ್ಟಿಷ್ಟು ವ್ಯತ್ಯಾಸ ಇರಬಹುದು. ನಮ್ಮ ಯಂತ್ರದಲ್ಲಿ ಸೆಲ್ ಒತ್ತಿಸಿಕೊಳ್ಳುತ್ತದೆ, ಆದ್ದರಿಂದ ಕ್ಯಾಲಿಬ್ರೇಷನ್ನೂ ಒತ್ತಿಯೇ ಆಗಬೇಕು. ಸೆಲ್ ತಲೆಯ ಮೇಲೆ ಕೂರುವ ಒಂದು ಕಬ್ಬಿಣದ ಕಟ್ಟು ಮಾಡಿಸಿ, ಅದರ ಎರಡು ಕಾಲು ಕೆಳಗಿಳಿದು ಒಂದು ಹಲಗೆ ಹಿಡಿದುಕೊಳ್ಳುವ ಹಾಗೆ ಮಾಡಿದೆವು. ಭಾರ ಇರೋದು ಕೆಳಗೆ, ಒತ್ತೋದು ಮೇಲೆ. ಕಟ್ಟಿನದೇ ತೂಕವನ್ನು ಮೊದಲು ಸೊನ್ನೆ ಮಾಡಿಕೊಳ್ಳಿ.

ಯಂತ್ರ ಹಚ್ಚಿ ಅರ್ಧ ಗಂಟೆ ಬಿಡಿ. ಪೂರಾ ಭಾರ ಮೂರು ಸಲ ಹಾಕಿ ತೆಗೆಯಿರಿ. ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತಾ ಒಮ್ಮೆ, ಇಳಿಯುತ್ತಾ ಒಮ್ಮೆ ಓದಿ, ಇಡೀ ಸುತ್ತನ್ನು ಮೂರು ಸಲ ಮಾಡಿ. ಕಂಪ್ಯೂಟರಿನಲ್ಲಿ ನೇರ ಗೆರೆ ಎಳೆದು ಆರ್ ಸ್ಕ್ವೇರ್ (ಬಿಂದುಗಳು ಗೆರೆಗೆ ಎಷ್ಟು ಹೊಂದುತ್ತವೆ ಅನ್ನುವ ಅಂಕಿ, ಪೂರಾ ಹೊಂದಿದರೆ 1) 0.9999 ಬಂತು ಅಂತ ಕುಣಿಯಬೇಡಿ, ಅದು ಬಹಳ ಉದಾರಿ ಅಂಕಿ, ಯಾರಿಗಾದರೂ ಪಾಸ್ ಮಾರ್ಕು ಕೊಡುತ್ತದೆ. ಪ್ರತಿ ಬಿಂದು ಗೆರೆಯಿಂದ ಎಷ್ಟು ಕೆ.ಜಿ. ದೂರ ಇದೆ ನೋಡಿ. ಆ ದೂರಗಳು ಕಮಾನಿನಂತೆ ಬಾಗಿದ್ದರೆ, ಇಲ್ಲಾ ಏರುವಾಗ ಒಂದು ಕಡೆ ಇಳಿಯುವಾಗ ಇನ್ನೊಂದು ಕಡೆ ಇದ್ದರೆ, ಎಲ್ಲೋ ಏನೋ ತಗುಲುತ್ತಿದೆ ಅಂತ ಅರ್ಥ. ನಮ್ಮದರಲ್ಲಿ ಕಟ್ಟಿನ ಒಂದು ಕಾಲು ಚಾನಲ್‌ಗೆ ಸವರುತ್ತಿತ್ತು.

ಇನ್ನೊಂದು ಸಣ್ಣ ವಿಷಯ. ಕೆ.ಜಿ.ಯಿಂದ ನ್ಯೂಟನ್‌ಗೆ ಹೋಗುವಾಗ ಗುರುತ್ವಕ್ಕೆ ಪುಸ್ತಕದ 9.80665 ಹಾಕುತ್ತೇವೆ. ಕಲಬುರಗಿಯ ಅಕ್ಷಾಂಶ, ಎತ್ತರ ಹಾಕಿ ಲೆಕ್ಕ ಮಾಡಿದರೆ ಇಲ್ಲಿ ಬರೋದು ಸುಮಾರು 9.784. ವ್ಯತ್ಯಾಸ 0.23%. ನಮಗೆ ಇದು ಲೆಕ್ಕಕ್ಕಿಲ್ಲ. 0.1% ಬೇಕು ಅನ್ನುವವರಿಗೆ ಇದೇ ಮೊದಲ ಕೆಲಸ.

ಯಂತ್ರದ ಜೊತೆ ಜಗಳ

ಕ್ಯಾಲಿಬ್ರೇಷನ್ ಆಯಿತು ಅಂದರೆ ಯಂತ್ರ ಸರಿ ಇದೆ ಅಂತ ಬಹಳ ಜನ ನಿಲ್ಲಿಸಿಬಿಡುತ್ತಾರೆ. ಆದದ್ದು ಇಷ್ಟೇ: ಆ ದಿನ, ಆ ನೆರಳಲ್ಲಿ, ಆ ಭಾರಕ್ಕೆ ಈ ಅಂಕಿ. ಇನ್ನು ಮುಂದೆ ನಿಮ್ಮ ಕೆಲಸ ಯಂತ್ರವನ್ನು ಸುಳ್ಳಾಡಿಸೋದು. ಭಾರ ಅರ್ಧ ಗಂಟೆ ಹಾಗೇ ಬಿಟ್ಟು ಅಂಕಿ ಜಾರುತ್ತಾ ನೋಡಿ. ಭಾರವನ್ನು 10 ಮಿ.ಮೀ. ಪಕ್ಕಕ್ಕೆ ಸರಿಸಿ ನೋಡಿ. ವೈರ್ ಅಲ್ಲಾಡಿಸಿ. ಪಕ್ಕದಲ್ಲಿ ಪಾಲಿಶ್ ಮಷೀನ್ ಹಚ್ಚಿಸಿ. ನಿಮ್ಮ ಬದಲು ಬೇರೆಯವರಿಗೆ ಮಾಡೋಕೆ ಹೇಳಿ, ಅವರು ಹೇಗೆ ಮಾಡುತ್ತಾರೆ ಅಂತ ಸುಮ್ನೆ ನೋಡಿ, ಬಾಯಿ ಹಾಕಬೇಡಿ.

ನಮ್ಮ ದೊಡ್ಡ ಪಾಠ ಬಿಸಿಲಿನಿಂದ ಬಂತು. ಮೇ ತಿಂಗಳು, ತಗಡಿನ ಶೆಡ್, ಹೊರಗೆ 42 ಡಿಗ್ರಿ. ಅಲ್ಲಿ ಕೆಲಸ ಮಾಡುವ ಹುಡುಗ ಒಂದು ದಿನ ಕೇಳಿದ: "ಸರ್, ಮುಂಜಾನಿ ಒಂದ್ ತೋರಸ್ತದ, ಮಧ್ಯಾಹ್ನ ಒಂದ್ ತೋರಸ್ತದ. ಯಾವ್ದ್ ಖರೆ ರೀ?" ಖಾಲಿ ಯಂತ್ರ ಬೆಳಿಗ್ಗೆ ಸೊನ್ನೆ, ಮಧ್ಯಾಹ್ನ 3 ಕೆ.ಜಿ. ಸೆಲ್‌ನ ಕಾಗದದ ಪ್ರಕಾರ 10 ಡಿಗ್ರಿಗೆ ಸೊನ್ನೆ ಸರಿಯಬೇಕಾದ್ದು 0.15 ಕೆ.ಜಿ. ಮಾತ್ರ. ಸೆಲ್ ಕೆಟ್ಟಿದೆ ಅಂತ ಬಿಚ್ಚೋಕೆ ಹೊರಟಿದ್ದೆ. ಅದೇ ಹುಡುಗ ತೋರಿಸಿದ. ತಗಡಿನಲ್ಲಿ ಮೊಳೆ ಹೊಡೆದ ತೂತೊಂದರಿಂದ ಬಿಸಿಲಿನ ಕೋಲು ಇಳಿದು, ಹನ್ನೆರಡು ಗಂಟೆಯ ಹೊತ್ತಿಗೆ ಸರಿಯಾಗಿ ಸೆಲ್‌ನ ಒಂದು ಬದಿಗೂ ಅದರ ಕನೆಕ್ಟರ್‌ಗೂ ಬೀಳುತ್ತಿತ್ತು. ಸೆಲ್ ಇಡಿಯಾಗಿ ಒಂದೇ ಸಮ ಬಿಸಿಯಾದರೆ ಒಳಗಿನ ಸೇತುವೆ ಸರ್ಕ್ಯೂಟ್ ಸರಿದೂಗಿಸಿಕೊಳ್ಳುತ್ತದೆ, ಒಂದು ಪಕ್ಕ ಮಾತ್ರ ಕಾದರೆ ಆಗಲ್ಲ. ಅದರ ಮೇಲೆ ಎರಡು ಬೇರೆ ಲೋಹ ಸೇರುವ ಕಡೆ ಶಾಖಕ್ಕೆ ತಾನಾಗಿಯೇ ಕೆಲವು ಮೈಕ್ರೋವೋಲ್ಟ್ ಹುಟ್ಟುತ್ತದೆ. ನಮ್ಮ ಒಂದು ಕೆ.ಜಿ. ಅಂದರೆ ಬರೀ 20 ಮೈಕ್ರೋವೋಲ್ಟ್, ನೆನಪಿದೆಯಲ್ಲ? ತೂತಿಗೆ ಡಾಂಬರು ಹಚ್ಚಿ, ಸೆಲ್‌ಗೆ ಥರ್ಮಾಕೋಲ್ ಸುತ್ತಿ, ಪ್ರತಿ ತುಂಡಿಗೂ ಮುಂಚೆ ಸೊನ್ನೆ ಬರೆದುಕೊಳ್ಳುವ ಪದ್ಧತಿ ಮಾಡಿದೆವು.

ಉಕ್ಕಿನ ಪಟ್ಟಿಯ ಪರೀಕ್ಷೆ

ಲೋಡ್ ಸೆಲ್ ಸರಿ ಇದ್ದರೂ ಅಂತರ, ಸರಳು, ನೇರ ಇವೆಲ್ಲ ಸೇರಿ ಇಡೀ ಯಂತ್ರ ಸರಿ ಇದೆಯಾ? ಅದಕ್ಕೆ ಉತ್ತರ ಮೊದಲೇ ಗೊತ್ತಿರುವ ವಸ್ತು ಬೇಕು. ಕಲ್ಲಿನ ಶಕ್ತಿ ಯಾರಿಗೂ ಮೊದಲೇ ಗೊತ್ತಿರಲ್ಲ. ಆದರೆ ಉಕ್ಕು ಎಷ್ಟು ಬಾಗುತ್ತದೆ ಅಂತ ಗೊತ್ತು. ಮೆದು ಉಕ್ಕಿನ (ಮೈಲ್ಡ್ ಸ್ಟೀಲ್) ಸ್ಥಿತಿಸ್ಥಾಪಕ ಗುಣಾಂಕ, ಅಂದರೆ ಬಾಗದೆ ಎಷ್ಟು ಬಿಗಿಯಾಗಿರುತ್ತದೆ ಅನ್ನುವ ಅಂಕಿ, ಹೆಚ್ಚುಕಡಿಮೆ 205 ಗಿಗಾಪ್ಯಾಸ್ಕಲ್ ಹಿಡಿಯಬಹುದು, ಅಂಗಡಿಯಿಂದ ಅಂಗಡಿಗೆ ಅದು ಹೆಚ್ಚು ಬದಲಾಗಲ್ಲ.

50 ಮಿ.ಮೀ. ಅಗಲ, 12 ಮಿ.ಮೀ. ದಪ್ಪದ ಪಟ್ಟಿಯನ್ನು ಕಲ್ಲಿನ ಜಾಗದಲ್ಲಿಟ್ಟು 2000 ನ್ಯೂಟನ್ ಒತ್ತಿದರೆ ನಡುವೆ 0.76 ಮಿ.ಮೀ. ಬಾಗಬೇಕು. ಪಟ್ಟಿಯ ಒಳಗಿನ ಒತ್ತಡ 125 ಮೆಗಾಪ್ಯಾಸ್ಕಲ್, ಸೊಟ್ಟಗಾಗುವ ಭಯ ಇಲ್ಲ. ಬಾಗು ಅಳೆಯುವ ಮುಳ್ಳಿನ ಡಯಲ್ ಗೇಜನ್ನು ನೆಲಕ್ಕೋ ಚೌಕಟ್ಟಿಗೋ ಕಟ್ಟಬೇಡಿ, ಚೌಕಟ್ಟೂ ಬಾಗುತ್ತದೆ. ಎರಡು ಸರಳುಗಳ ಮೇಲಿನ ಬಿಂದುಗಳಿಗೆ ಹೋಲಿಸಿ ನಡುವಿನ ಬಾಗು ತೋರಿಸುವ ಹಾಗೆ ಒಂದು ಸಣ್ಣ ಸೇತುವೆ ಮಾಡಿ ಗೇಜ್ ಅದರ ಮೇಲೆ ಕೂರಿಸಿ.

ಮೊದಲ ಸಲ ನನಗೆ ಬಂದದ್ದು 0.82. ಎಂಟು ಪರ್ಸೆಂಟ್ ಜಾಸ್ತಿ. ಮತ್ತೆ ಲೋಡ್ ಸೆಲ್ ಮೇಲೆ ಅನುಮಾನ. ಎರಡು ದಿನ ಬಟ್ಟು, ಮರಳು, ಬೊಗಸೆ ಅಂತ ಮತ್ತೆ ಶುರು. ಎಲ್ಲ ಸರಿ ಇತ್ತು. ಕಡೆಗೆ ಪಟ್ಟಿಗೆ ಮೈಕ್ರೋಮೀಟರ್ ಹಿಡಿದೆ. 12 ಅಂತ ಕೊಟ್ಟ ಪಟ್ಟಿ 11.7 ಇತ್ತು. ಬಾಗುವುದರಲ್ಲಿ ದಪ್ಪ ಮೂರು ಸಲ ಗುಣಿಸಿಕೊಂಡು ಬರುತ್ತದೆ. 11.7 ಹಾಕಿ ಲೆಕ್ಕ ಮಾಡಿದರೆ ಬರೋದು 0.82. ಯಂತ್ರ ಮೊದಲಿನಿಂದಲೂ ಖರೆಯನ್ನೇ ಹೇಳುತ್ತಿತ್ತು, ಸುಳ್ಳು ಹೇಳಿದ್ದು ಅಂಗಡಿಯ ಚೀಟಿ. ದಪ್ಪ ಮುಖ್ಯ ಅಂತ ಹಾಳೆ ಮೇಲೆ ಲೆಕ್ಕ ಮಾಡಿ ಇಟ್ಟುಕೊಂಡಿದ್ದವನೇ ನಾನು.

ಕಲ್ಲು ಮುರಿದು ಹೋಲಿಸುವ ಮೋಹ

ಎಲ್ಲರಿಗೂ ಬರುವ ಯೋಚನೆ ಇದು: ಐದು ತುಂಡು ನಮ್ಮಲ್ಲಿ ಮುರಿಯೋಣ, ಐದು ತುಂಡು ಇಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಲ್ಲಿ, ಸರಾಸರಿ ಹೊಂದಿದರೆ ನಮ್ಮ ಯಂತ್ರ ಪಾಸು. ಮಾಡಿ, ತಪ್ಪಿಲ್ಲ, ದೊಡ್ಡ ಎಡವಟ್ಟು ಇದ್ದರೆ ಸಿಗುತ್ತದೆ. ಆದರೆ ಒಂದೇ ಗಣಿಯ ಕಲ್ಲಿನಲ್ಲೇ ತುಂಡಿನಿಂದ ತುಂಡಿಗೆ 12% ಚದುರಿಕೆ ಇದೆ ಅಂದುಕೊಳ್ಳಿ. ಐದೈದು ತುಂಡಿನ ಸರಾಸರಿಗಳ ನಡುವೆ, ಎರಡೂ ಯಂತ್ರ ಪೂರಾ ಸರಿ ಇದ್ದರೂ, 7–8% ವ್ಯತ್ಯಾಸ ಬರೋದು ಸಹಜ. ಯಂತ್ರದ 3% ತಪ್ಪನ್ನು ಈ ದಾರಿಯಲ್ಲಿ ಹಿಡಿಯಬೇಕಾದರೆ ಎರಡೂ ಕಡೆ ನೂರಕ್ಕೂ ಜಾಸ್ತಿ ತುಂಡು ಬೇಕು. ಉಕ್ಕಿನ ಪಟ್ಟಿ ಅದನ್ನು ಅರ್ಧ ಗಂಟೆಯಲ್ಲಿ ಹೇಳುತ್ತದೆ, ಮುರಿಯದೆ.

ಕಲ್ಲು ಮುರಿಯೋದೇ ಆದರೆ ಒಂದೇ ಫರಸಿಯಿಂದ ತುಂಡು ಕೊಯ್ಯಿಸಿ, ನಂಬರ್ ಹಾಕಿ, ಚೀಟಿ ಎತ್ತಿ ಯಾವುದು ಎಲ್ಲಿಗೆ ಅಂತ ಹಂಚಿ. ಚೆನ್ನಾಗಿ ಕಾಣುವ ತುಂಡು ತಾನಾಗಿಯೇ ನಿಮ್ಮ ಕೈಗೆ ಬರುತ್ತದೆ, ಅದು ಮನುಷ್ಯನ ಸ್ವಭಾವ. ಚದುರಿಕೆಯನ್ನು ಗಿರಾಕಿಗೆ ಹೇಳುವಾಗಲೂ ಮುಚ್ಚಿಡಬೇಡಿ. ಮೆಟ್ಟಿಲು ಮುರಿಯೋದು ಸರಾಸರಿ ಕಲ್ಲಿಗೆ ಅಲ್ಲ, ಆ ಗುಂಪಿನ ಅತಿ ಕಚ್ಚಾ ಕಲ್ಲಿಗೆ. ಗೆಳೆಯ ಒಂದೂವರೆ ಇಂಚಿಗೆ ಹೋದದ್ದು ಈ ಕಾರಣಕ್ಕೇ, ಸರಾಸರಿ ನೋಡಿದ್ದರೆ ಒಂದೂಕಾಲೇ ಸಾಕು ಅನ್ನಿಸುತ್ತಿತ್ತು.

ಡಬ್ಬಿಯ ಮೇಲೆ ಏನು ಬರೆಯಬೇಕು

ಯಂತ್ರದ ಮೇಲೆ ಒಂದು ತಗಡಿನ ಚೀಟಿ ಹಚ್ಚಿ. ಎಷ್ಟರಿಂದ ಎಷ್ಟರವರೆಗೆ ಕ್ಯಾಲಿಬ್ರೇಷನ್ ಆಗಿದೆ, ಯಾವ ತಾರೀಖು, ಎಷ್ಟು ಉಷ್ಣಾಂಶದಲ್ಲಿ, ಒಟ್ಟು ಅನಿಶ್ಚಿತತೆ ಎಷ್ಟು. ನಮ್ಮದರ ಮೇಲೆ 20ರಿಂದ 400 ಕೆ.ಜಿ. ಅಂತ ಇದೆ. ಅದರ ಹೊರಗೆ ಬಂದ ಅಂಕಿಯನ್ನು ವಹಿಯಲ್ಲಿ ಬರೆಯೋದೇ ಇಲ್ಲ. ಹಾಗೆಯೇ, ಇದರ ಮೇಲೆ ಏನಾದರೂ ತೂಗಿ ಮಾರುವಂತಿಲ್ಲ, ವ್ಯಾಪಾರದ ತೂಕಕ್ಕೆ ಮುದ್ರೆ ಇರುವ ತಕ್ಕಡಿಯೇ ಆಗಬೇಕು. ಈ ಮಾತನ್ನೂ ಬರೆದಿಟ್ಟಿದ್ದೇವೆ, ಯಾಕಂದರೆ ಒಬ್ಬರು ಆಗಲೇ ಗುಜರಿ ತಂದಿದ್ದರು.

ಪ್ರತಿ ತಿಂಗಳ ಮೊದಲ ಸೋಮವಾರ ಹುಡುಗ ಉಕ್ಕಿನ ಪಟ್ಟಿ ಇಟ್ಟು 2000 ನ್ಯೂಟನ್‌ಗೆ ಡಯಲ್ ಓದಿ ವಹಿಯಲ್ಲಿ ಬರೆಯುತ್ತಾನೆ. 0.80ರಿಂದ 0.84ರ ಒಳಗೆ ಇದ್ದರೆ ಕೆಲಸ ಶುರು, ಇಲ್ಲದಿದ್ದರೆ ನನಗೆ ಫೋನು. ಪಟ್ಟಿಯನ್ನು ಗೋಡೆಗೆ ಮೊಳೆ ಹೊಡೆದು ನೇತು ಹಾಕಿದ್ದೇವೆ, ಮೇಲೆ ಕೆಂಪು ಬಣ್ಣದಲ್ಲಿ "ಇದನ್ನ ಯಾರೂ ಕೊಯ್ಯಬ್ಯಾಡ್ರಿ" ಅಂತ ಬರೆದಿದೆ. ಹೋದ ದೀಪಾವಳಿಯಲ್ಲಿ ವೆಲ್ಡಿಂಗ್ ಕಾಕಾ ಅದನ್ನು ಗೇಟಿನ ಚಿಲಕಕ್ಕೆ ಅಂತ ಕಟರ್ ಕೆಳಗೆ ಇಟ್ಟಾಗಿತ್ತು.